ಮೊದಲ ಸುತ್ತಿನ ಮೇಷ್ಟ್ರು

ಆತ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಕೊಟ್ಟೂರು ಬಸ್ ಸ್ಟ್ಯಾಂಡಿನ ಎದುರಿನ ಫ್ಲೆಕ್ಸಿನಿಂದ. ಬದುಕಿದ್ದಾಗ ಅದೇ ಜಾಗದಲ್ಲಿ ಮೇಲಿಂದ ಮೇಲೆ ತನ್ನ ಫ್ಲೆಕ್ಸು ಕಟ್ಟಿಸುತ್ತಿದ್ದವನು, ಹಾಗಾಗಿ ಹೊಸ ಬ್ಯಾಚಿನ ಅಡ್ವರ್ಟೈಸ್‌ಮೆಂಟ್ ಇರಬೇಕೆಂದು ನಾನು ಮುಖ ತಿರುಗಿಸಿಕೊಂಡೆ. ಅದೇ ನೀಲಿ ಬ್ಲೇಜರು, ಎದೆಯ ಮೇಲೆ ಕಟ್ಟಿದ ಅದೇ ಕೈ, ಅದೇ ಅರ್ಧ ನಗೆ. ಆಟೋ ಹತ್ತುವಾಗ ಮೂಲೆಯಲ್ಲಿದ್ದ ದೀಪದ ಚಿತ್ರ ಕಣ್ಣಿಗೆ ಬಿತ್ತು. ಕೆಳಗೆ "ಭಾವಪೂರ್ಣ ಶ್ರದ್ಧಾಂಜಲಿ" ಎಂದಿತ್ತು.

"ಹಾರ್ಟ್ ಅಟ್ಯಾಕ್ ಅಂತ್ರಿ ಮೇಡಂ," ಎಂದ ಆಟೋದವನು. "ದಾವಣಗೇರಿಗೆ ಒಯ್ಯೋದ್ರಾಗ ಹೋಗಿಬಿಟ್ರಂತ."

ಹೆಸರಿನ ಹಿಂದೆ "ಅಂತರರಾಷ್ಟ್ರೀಯ ಕನ್ಸಲ್ಟೆಂಟ್" ಎಂದು ಬರೆಸಿದ್ದರು. ಸತ್ತ ಮೇಲಾದರೂ ಸುಳ್ಳು ನಿಲ್ಲಬಾರದಿತ್ತೇ ಅಂದುಕೊಂಡೆ. ದೇವರು ನನ್ನನ್ನು ಕ್ಷಮಿಸಲಿ, ಮೊದಲು ಬಂದ ಯೋಚನೆ ಅದು. ಎರಡನೆಯದು, ಇನ್ನು ಮೇಲೆ ನಮ್ಮ ಕ್ಲಾಸ್ ಹಾಲ್‌ನ ಫ್ಯಾನಿನ ಗಾಳಿ ಎಲ್ಲರಿಗೂ ಸಿಗುತ್ತದೆ ಎಂಬುದು.

ಹೆಸರು ಬರೆಯುವುದಿಲ್ಲ. ಹೆಂಡತಿ ಒಳ್ಳೆಯ ಹೆಂಗಸು, ಈ ಊರಲ್ಲೇ ಇದ್ದಾರೆ.

ಎಣ್ಣೆ ಗಿರಣಿಯ ಮೇಲಂತಸ್ತಿನ ಹಾಲ್ ಅನ್ನು ನಾನು ಮತ್ತು ಆತ ಕ್ಲಾಸಿಗೆಂದು ಹಂಚಿಕೊಂಡಿದ್ದೆವು. ಹೈಸ್ಕೂಲಿನಿಂದ ರಿಟೈರ್ ಆದ ಮೇಲೆ ಮನೆಯಲ್ಲಿ ಕೂತು ಸೀರಿಯಲ್ ನೋಡುವುದು ನನ್ನಿಂದಾಗಲಿಲ್ಲ, ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸು ಶುರು ಮಾಡಿದ್ದೆ. ನನ್ನ ಕ್ಲಾಸಿಗಿಂತ ಮೊದಲು ಆತನದು. ಆತ ಎಂದೂ ಹೊತ್ತಿಗೆ ಸರಿಯಾಗಿ ಮುಗಿಸಿದವನಲ್ಲ, ಆದ್ದರಿಂದ ನಾನು ಹಿಂದಿನ ಬೆಂಚಿನಲ್ಲಿ ಕಾಯುತ್ತ ಆತನ ಪಾಠವನ್ನೆಲ್ಲ ಕೇಳಿದ್ದೇನೆ. ಕೆಳಗೆ ಶೇಂಗಾ ಅರೆಯುವ ಸದ್ದು, ಮೇಲೆ ಹಿಂಡಿಯ ವಾಸನೆ, ನಡುವೆ ಟೈ ಕಟ್ಟಿದ ಆತ.

ಆತ ಕಲಿಸುತ್ತಿದ್ದದ್ದು ಕೇಸ್ ಇಂಟರ್‌ವ್ಯೂ. ಬೇರೆ ಕಂಪನಿಗಳಿಗೆ ಬುದ್ಧಿ ಹೇಳಿ ದುಡ್ಡು ತೆಗೆದುಕೊಳ್ಳುವ ಕಂಪನಿಗಳಿವೆಯಂತೆ, ಕನ್ಸಲ್ಟಿಂಗ್ ಅನ್ನುತ್ತಾರೆ. ಅಲ್ಲಿ ಕೆಲಸ ಬೇಕೆಂದರೆ ಮಾರ್ಕ್ಸ್ ಕಾರ್ಡು ಸಾಲದು. ಒಂದು ಸಮಸ್ಯೆ ಕೊಡುತ್ತಾರೆ: ಒಬ್ಬ ಮಂಡಕ್ಕಿ ಮಾಡಿ ಮಾರುತ್ತಾನೆ, ಲಾಭ ಇಳಿದಿದೆ, ಯಾಕೆ? ನೀವು ಅವರೆದುರೇ ಪ್ರಶ್ನೆ ಕೇಳಿ, ಬಾಯಲ್ಲೇ ಲೆಕ್ಕ ಮಾಡಿ, ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತ ಉತ್ತರಕ್ಕೆ ಬರಬೇಕು. ಇದು ಎರಡು ಸುತ್ತು ನಡೆಯುತ್ತದೆ, ಕೆಲವು ಕಡೆ ಮೂರು. ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಎಂ.ಬಿ.ಎ. ಹುಡುಗ ಹುಡುಗಿಯರು ಬಸ್ಸು ಹಿಡಿದು ಬಂದು ಇದನ್ನು ಕಲಿಯುತ್ತಿದ್ದರು. ಐಡಿಯಾ ಕೆಟ್ಟದ್ದೇನಲ್ಲ. ಹೇಳಿಕೊಡಲು ನಿಂತವನು ಆತ, ಅಷ್ಟೇ.

ಆತನ ವಿದ್ಯೆಯೆಲ್ಲ ನಾಲ್ಕು ಚೌಕದ್ದು. ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು ಪ್ರಪಂಚವನ್ನು ಅದರೊಳಗೆ ತುರುಕುತ್ತಿದ್ದ. ಮಂಡಕ್ಕಿಯಾದರೂ ನಾಲ್ಕು ಚೌಕ, ಆಸ್ಪತ್ರೆಯಾದರೂ ನಾಲ್ಕು ಚೌಕ. ಗಿರಣಿ ಸಾಹುಕಾರರ ತಾಯಿ ತೀರಿಕೊಂಡಾಗ ನಾವಿಬ್ಬರೂ ಮಾತಾಡಿಸಲು ಹೋಗಿದ್ದೆವು. ಸಾಹುಕಾರರು ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಆತ ಗಂಟಲು ಸರಿಮಾಡಿಕೊಂಡು, "ಇದನ್ನ ಮೂರು ಆಂಗಲ್‌ನಿಂದ ನೋಡ್ಬೇಕು ಸರ್. ಒಂದು, ವಯಸ್ಸು," ಎಂದು ಶುರುವಿಟ್ಟ. ಎರಡನೆಯ ಆಂಗಲ್ ಬರುವಷ್ಟರಲ್ಲಿ ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಹುಟ್ಟಿದ್ದು ಇದೇ ಕೊಟ್ಟೂರಿನಲ್ಲಾದರೂ ಆತನ ಬಾಯಲ್ಲಿ "ಐತಿ" ಬರುತ್ತಿರಲಿಲ್ಲ, "ಇದೆ" ಬರುತ್ತಿತ್ತು. ಬ್ಲೇಜರು ಚಳಿ, ಬಿಸಿಲು ಎರಡಕ್ಕೂ ಒಂದೇ. ಹಾಲಿಗೆ ಇದ್ದದ್ದು ಒಂದು ಟೇಬಲ್ ಫ್ಯಾನು. ಅದು ಆತನ ಕಡೆಗೇ ತಿರುಗಿರುತ್ತಿತ್ತು, ಕತ್ತು ಆಡದಂತೆ ಗುಂಡಿ ಎತ್ತಿರುತ್ತಿದ್ದ. ಮಕ್ಕಳು ಪಟ್ಟಿ ಪುಸ್ತಕದಲ್ಲಿ ಗಾಳಿ ಬೀಸಿಕೊಳ್ಳುತ್ತ ಪ್ರಾಫಿಟ್ ಬಗ್ಗೆ ಬರೆದುಕೊಳ್ಳುತ್ತಿದ್ದರು.

ಮಕ್ಕಳ ಹೆಸರನ್ನೂ ಆತ ಬಿಡಲಿಲ್ಲ. ಕೊಟ್ರೇಶ ಬಂದರೆ ಕ್ರಿಸ್, ಹುಲಿಗೆಮ್ಮ ಬಂದರೆ ಹೇಮಾ. "ಕನ್ಸಲ್ಟಿಂಗ್‌ನಲ್ಲಿ ಈ ಹೆಸರು ನಡೆಯಲ್ಲ ಕಣಮ್ಮ" ಎನ್ನುತ್ತಿದ್ದ. ಊರು ಯಾವುದು ಎಂದು ಕೇಳಿದರೆ ಎಲ್ಲರೂ "ನಿಯರ್ ಹಂಪಿ" ಎನ್ನಬೇಕು. ಉಜ್ಜಿನಿಯವನೂ ನಿಯರ್ ಹಂಪಿ, ಮಾಗಳದವನೂ ನಿಯರ್ ಹಂಪಿ. ಹರಪನಹಳ್ಳಿಯ ಹುಡುಗನೊಬ್ಬ, "ಸರ್, ನಮಗ ದಾವಣಗೇರಿ ಹತ್ರ ಅಲ್ವಾ?" ಎಂದು ಕೇಳಿ ಅರ್ಧ ಗಂಟೆ ಬೈಸಿಕೊಂಡ.

ಬಳ್ಳಾರಿಯ ನನ್ನ ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ಇದ್ದರು. ಎಲೊಕ್ಯೂಶನ್ ಕಲಿಸುತ್ತಿದ್ದರು. ಹಳ್ಳಿಯಿಂದ ಬಂದ ಹುಡುಗಿಯರಿಗೆ ಮೊದಲ ದಿನ ಅವರು ಮಾಡಿಸುತ್ತಿದ್ದದ್ದು ಒಂದೇ: ಎದ್ದು ನಿಂತು ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಗಟ್ಟಿಯಾಗಿ ಹೇಳಬೇಕು. ಕೊನೆಯ ಅಕ್ಷರ ನುಂಗಿದರೆ ಮತ್ತೆ ಹೇಳಬೇಕು. ಆ ಬಿಳಿ ಕಾರಿಡಾರು, ಸಾಬೂನಿನ ವಾಸನೆ, ಹೊರಗಿನ ಬೇವಿನ ಮರ. ಅಲ್ಲಿ ನಿಂತು ನಾನು ನನ್ನೂರಿನ ಹೆಸರು ಹೇಳಿದಾಗ ಅದು ಲಂಡನ್ನಿನಷ್ಟೇ ದೊಡ್ಡ ಊರು ಅನ್ನಿಸಿತ್ತು. ಆತನ ನಿಯರ್ ಹಂಪಿ ಕೇಳಿದಾಗಲೆಲ್ಲ ಆ ಸಿಸ್ಟರ್ ನೆನಪಾಗುತ್ತಿದ್ದರು.

ಒಮ್ಮೆ ಇಳಿಹೊತ್ತಿನಲ್ಲಿ ಕರೆಂಟು ಹೋಗಿ, ಗಿರಣಿ ನಿಂತು, ಮಕ್ಕಳು ಚಹಾಕ್ಕೆ ಇಳಿದಾಗ ಆತ ತಾನಾಗಿಯೇ ಬಂದು ನನ್ನ ಬೆಂಚಿನಲ್ಲಿ ಕೂತ. ಎಷ್ಟೋ ಕಂಪನಿಗಳ ಮೊದಲ ಸುತ್ತು ದಾಟಿದ್ದನಂತೆ. ಎರಡನೆಯ ಸುತ್ತು ಒಂದನ್ನೂ ದಾಟಲಿಲ್ಲ. ಕೊನೆಗೆ ಮುಂಬೈಯಲ್ಲಿ ಅಂಥದೇ ಒಂದು ಕಂಪನಿಯಲ್ಲಿ, ಬೇರೆಯವರು ಹೇಳಿದ ಬುದ್ಧಿಗೆ ಸ್ಲೈಡು ಮಾಡಿಕೊಡುವ ಕೆಲಸ ಸಿಕ್ಕಿತು.

"ಲಾಸ್ಟ್ ಇಂಟರ್‌ವ್ಯೂಲಿ ಒಬ್ಬ ಪಾರ್ಟ್ನರ್, ಅಂದ್ರೆ ಕಂಪನಿಯ ಪಾಲುದಾರರು, ವಯಸ್ಸಾದವರು ಮೇಡಂ. ಕೇಸೇ ಕೊಡ್ಲಿಲ್ಲ. ನಿಮ್ಮೂರು ಯಾವುದು ಅಂದ್ರು. ಬೆಂಗಳೂರು ಅಂದೆ. ಬೆಂಗಳೂರಲ್ಲಿ ಎಲ್ಲಿ ಅಂದ್ರು." ಆತ ಬೆರಳಿನಿಂದ ಬೆಂಚಿನ ಧೂಳು ಒರೆಸಿದ. "ನನಗೆ ಯಾವ ಏರಿಯಾನೂ ನೆನಪಿಗೆ ಬರ್ಲಿಲ್ಲ."

"ಕೊಟ್ಟೂರು ಅನ್ನಬೇಕಿತ್ತಲ್ಲ," ಎಂದೆ.

"ಅದೆಲ್ಲ ಸೆಟ್ಟಿಂಗ್ ಮೇಡಂ. ಮೊದಲೇ ಫಿಕ್ಸ್ ಆಗಿರುತ್ತೆ. ಸೆಕೆಂಡ್ ರೌಂಡು ಸುಮ್ನೆ ನಾಟಕ."

ಕರೆಂಟು ಬರುವವರೆಗೆ ನನಗೆ ಆತನ ಮೇಲೆ ಕನಿಕರವಿತ್ತು. ಕರೆಂಟು ಬಂತು. ಆತ ಎದ್ದು ಹೋಗಿ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡ.

ಇಟ್ಟಿಗಿಯ ಕೊಟ್ರಮ್ಮ ಬಂದದ್ದು ಆ ವರ್ಷ. ಅಪ್ಪನದು ಹೊಲ, ಜೊತೆಗೊಂದು ಗೊಬ್ಬರದ ಅಂಗಡಿ. ದಾವಣಗೆರೆಯಲ್ಲಿ ಎಂ.ಬಿ.ಎ. ಮುಗಿಸಿದ್ದಳು. ಆತನ ಕ್ಲಾಸು ಮುಗಿಸಿ ನನ್ನ ಕ್ಲಾಸಿಗೂ ಕೂರುತ್ತಿದ್ದಳು. ಲೆಕ್ಕದಲ್ಲಿ ಚುರುಕು. ಆತ ಆಕೆಗೆ ರಮ್ಯಾ ಎಂದು ಹೆಸರಿಟ್ಟ. "ಕೊಟ್ರಮ್ಮದಲ್ಲಿ ರಮ್ಮ ಇದೆಯಲ್ಲ, ಸ್ವಲ್ಪ ಪಾಲಿಶ್ ಮಾಡಿದ್ದೀನಿ" ಎಂದು ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡ.

ಹೈದರಾಬಾದಿನ ಒಂದು ಕನ್ಸಲ್ಟಿಂಗ್ ಕಂಪನಿಯವರು ಈಕೆಯನ್ನು ಮೊದಲ ಸುತ್ತಿಗೆ ಕರೆದರು. ಲ್ಯಾಪ್‌ಟಾಪಿನಲ್ಲಿ ನಡೆಯುವಂಥದು. ನಮ್ಮ ಹಾಲಿನಲ್ಲೇ ಕೂತಳು. ಗಿರಣಿಯ ಸದ್ದಿಗೆ ಏನು ಮಾಡುವುದೆಂದು ಆತ ಕೈ ಹಿಸುಕಿಕೊಳ್ಳುತ್ತಿದ್ದರೆ ಈಕೆ ಕೆಳಗಿಳಿದು ಹೋಗಿ, "ಸಾವ್ಕಾರ್ರ, ಒಂದು ತಾಸು ಗಿರಣಿ ನಿಲ್ಲಿಸ್ರಿ, ನನ್ನ ಪರೀಕ್ಷಿ ಐತಿ" ಎಂದಳು. ಸಾಹುಕಾರರು ನಿಲ್ಲಿಸಿದರು. ಆ ಕಡೆಯಿಂದ ಪ್ರಶ್ನೆ ಕೇಳಿದವರು ಎಳೆಯರು, ಅವರ ಕೈಯಲ್ಲಿ ಸಿದ್ಧ ಕೇಸು, ಅಂಕ ಹಾಕುವ ಶೀಟು. ಯಾವುದೋ ಬಿಸ್ಕತ್ ಕಂಪನಿಯ ಖರ್ಚು. ಈಕೆ ನಾಲ್ಕು ಚೌಕ ಬರೆದಳು, ಭಾಗಾಕಾರ ಮಾಡಿದಳು, ಉತ್ತರ ಹೇಳಿದಳು. ಪಾಸಾದಳು. ಇದರಲ್ಲಿ ಆತನ ಪಾಲಿದೆ, ಇಲ್ಲವೆಂದರೆ ತಪ್ಪಾಗುತ್ತದೆ. ಮೊದಲ ಸುತ್ತಿನ ಮಟ್ಟಿಗೆ ಆತನ ಚೌಕಗಳು ಕೆಲಸಕ್ಕೆ ಬರುತ್ತಿದ್ದವು.

ಎರಡು ದಿನದ ಮೇಲೆ ಕಂಪನಿಯಿಂದ ಫೋನು. ಕೊಟ್ರಮ್ಮ ಸ್ಪೀಕರಿನಲ್ಲಿ ಹಾಕಿದಳು, ನಾನೂ ಆತನೂ ಪಕ್ಕದಲ್ಲಿದ್ದೆವು. ಆ ಕಡೆಯ ಹೆಣ್ಣುಮಗಳು ಚೆಂದದ ಇಂಗ್ಲಿಷಿನಲ್ಲಿ ವಿವರಿಸಿದಳು. ಲೆಕ್ಕ ಕ್ಲೀನ್ ಆಗಿದೆ, ಸ್ಟ್ರಕ್ಚರ್ ಚೆನ್ನಾಗಿದೆ. ಆದರೆ ಒಂದು ಮಾತು. ಇಂಟರ್‌ವ್ಯೂ ಮಾಡುವವರು ಸ್ವಲ್ಪ ಹುಬ್ಬೇರಿಸಿದರೂ ನೀನು ನಿನ್ನ ಉತ್ತರ ಬದಲಾಯಿಸಿದೆ. ಮುಂದಿನ ಸುತ್ತು ಹೈದರಾಬಾದಿನಲ್ಲಿ, ಪಾರ್ಟ್ನರುಗಳ ಎದುರು. ಅವರ ಹತ್ತಿರ ಶೀಟು ಇರುವುದಿಲ್ಲ. ತಮ್ಮದೇ ಕೆಲಸದಲ್ಲಿ ತಲೆ ತಿನ್ನುತ್ತಿರುವ ವಿಷಯ ಎತ್ತಬಹುದು, ನಡುವೆ ಬಾಯಿ ಹಾಕುತ್ತಾರೆ, ಬೇಕೆಂದೇ ವಿರುದ್ಧ ಹೇಳುತ್ತಾರೆ. ಮೊದಲ ಸುತ್ತಿನಲ್ಲಿ ಎಲ್ಲಿ ಮೆತ್ತಗಾದೆಯೋ ಅಲ್ಲೇ ಒತ್ತಿ ನೋಡುತ್ತಾರೆ. ನಿನ್ನನ್ನು ನಾಳೆ ಒಬ್ಬ ದೊಡ್ಡ ಕ್ಲೈಂಟಿನ ಎದುರು ಕೂರಿಸಬಹುದೇ ಎಂಬುದಷ್ಟೇ ಅವರ ಪ್ರಶ್ನೆ.

ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ? ಆತ ಫೋನು ಇಡುವುದನ್ನೇ ಕಾಯುತ್ತಿದ್ದ.

"ಎಚ್.ಆರ್. ಅಂದ್ಮೇಲೆ ಏನಾದ್ರೂ ಹೇಳ್ಬೇಕಲ್ಲ. ತಲೆಗೆ ಹಾಕ್ಕೋಬೇಡ. ಸೆಕೆಂಡ್ ರೌಂಡ್ ಅಂದ್ರೆ ಫಸ್ಟ್ ರೌಂಡೇ, ಸ್ವಲ್ಪ ಸ್ಪೀಡ್ ಜಾಸ್ತಿ ಅಷ್ಟೆ. ಪಾರ್ಟ್ನರ್ ಅಂದ್ರೆ ದೇವರು. ದೇವರ ಜೊತೆ ಆರ್ಗ್ಯೂ ಮಾಡ್ತಾರಾ? ಯೆಸ್ ಸರ್ ಅನ್ನು, ಬೇರೆ ಬಾಕ್ಸ್‌ಗೆ ಹೋಗು."

"ಆಕೆ ಅದನ್ನೇ ಮಾಡಬೇಡ ಎಂದಳಲ್ಲ," ಎಂದೆ.

"ಮೇಡಂ, ಇದು ನನ್ನ ಡೊಮೇನ್."

ಡೊಮೇನ್! ಗಿರಣಿಯ ಮೇಲಿನ ಹದಿನೈದು ಬೆಂಚು.

ಹುಡುಗಿಯನ್ನು ನಾನು ಬಿಡಲಿಲ್ಲ. ಸಂಜೆ ಕ್ಲಾಸು ಮುಗಿದ ಮೇಲೆ ಕೂರಿಸಿಕೊಂಡೆ. ನಾನು ಏನೇ ಹೇಳಲಿ, ಅದು ತಪ್ಪು ಎಂದು ಆಕೆ ಹೇಳಬೇಕು. ಇಷ್ಟೇ ಆಟ.

"ಮಂಡಕ್ಕಿ ಮಾರುವವನಿಗೆ ಲಾಭ ಬರಬೇಕು ಅಂದ್ರೆ ರೇಟು ಡಬಲ್ ಮಾಡಬೇಕು. ಏನಂತಿ?"

"ಹೌದ್ರಿ ಮೇಡಂ."

"ಡಬಲ್ ಮಾಡಿದ್ರೆ ಯಾರವ್ವಾ ಕೊಳ್ತಾರೆ?"

"ಯಾರೂ ಕೊಳ್ಳಂಗಿಲ್ರಿ."

"ಮತ್ತೆ ಹೌದು ಅಂದೆಯಲ್ಲ?"

"ನೀವು ಅಂದ್ರೆಲ್ರಿ."

"ನಾನು ನಾಳೆ ಕೊಟ್ಟೂರು ಸಮುದ್ರದ ದಂಡೆಯಲ್ಲಿದೆ ಅಂತೀನಿ. ಅದಕ್ಕೂ ಹೌದಾ?"

ಆಕೆ ನಕ್ಕಳು. ನೆಲ ನೋಡುತ್ತ, "ಹಿರೇರು ಒಂದು ಮಾತು ಅಂದ ಮ್ಯಾಲೆ ಇಲ್ಲ ಅನ್ನಾಕ ನಾಲಿಗಿ ಏಳವಲ್ದ್ರಿ ಮೇಡಂ. ಒಳಗ ಅನ್ನಸ್ತೈತಿ. ಹೊರಗ ಬರಂಗಿಲ್ಲ" ಎಂದಳು.

ಇದು ಆಕೆಯೊಬ್ಬಳದಲ್ಲ. ನಮ್ಮ ಕಡೆ ಮಕ್ಕಳು ದೊಡ್ಡವರ ಮಾತಿಗೆ ಎದುರಾಡುವುದಿಲ್ಲ. ಒಪ್ಪಿಗೆಯಿಲ್ಲದಿದ್ದರೆ ಹೌದ್ರಿ ಎಂದು ಎದ್ದು ಹೋಗಿ ತಮಗೆ ತೋಚಿದ್ದು ಮಾಡುತ್ತಾರೆ. ಅದೇ ಮರ್ಯಾದೆ. ಹೈದರಾಬಾದಿನ ಮೇಜಿನ ಮುಂದೆ ಎದ್ದು ಹೋಗಲು ಬರುವುದಿಲ್ಲವಲ್ಲ.

ಒಂದು ಸಂಜೆ ಕೊಟ್ರಮ್ಮನ ಅವ್ವ ಸಂತೆಗೆ ಬಂದವರು ಮಗಳ ಜೊತೆ ಬಸ್ಸಿಗೆ ಹೋಗೋಣವೆಂದು ಮೇಲೆ ಹತ್ತಿ ಬಂದರು. ಕಾಯಿಪಲ್ಲೆಯ ಚೀಲ ಪಕ್ಕದಲ್ಲಿಟ್ಟುಕೊಂಡು ನಮ್ಮ ಆಟ ನೋಡಿದರು. ಇದೇನು, ಆಗಲೇ ಒಂದು ಸಲ ಪಾಸಾಗಿದ್ದಾಳಲ್ಲ, ಮತ್ಯಾಕೆ ಎಂದು ಕೇಳಿದರು. ನಾನು ಎರಡು ಸುತ್ತಿನ ವ್ಯತ್ಯಾಸ ಹೇಳಿದೆ.

"ಹಂಗ ಅನ್ರಿ," ಎಂದರು. "ಹೆಣ್ಣು ನೋಡಾಕ ಬಂದಂಗ. ಮೊದಲ್ನೇ ಸಲ ಬಂದವ್ರು ಓದು, ಅಡಿಗಿ, ನಡಿಗಿ ಎಲ್ಲಾ ಕೇಳ್ತಾರ. ಈಕೀನ ನೋಡಾಕ ಉಜ್ಜಿನಿಯವ್ರು ಬಂದಿದ್ರಲ್ರಿ, ರಂಗೋಲಿ ಬರತೈತೇನು ಅಂತ ಸೈತ ಕೇಳಿದ್ರು. ಎರಡನೇ ಸಲ ಹಿರೇರು ಬರ್ತಾರ. ಅವ್ರು ಏನೂ ಕೇಳಂಗಿಲ್ರಿ. ಮಳಿ ಬೆಳಿ ಮಾತಾಡ್ಕೋಂತ ಕುಂತು, ಚಾ ಕುಡದು ಹೋಗ್ತಾರ. ಆದ್ರ ಆಗೋದು ಹೋಗೋದು ಎಲ್ಲಾ ಅವತ್ತ ನೋಡ್ರಿ."

"ಅಂದ್ರ ನಾ ಪಾರ್ಟ್ನರಿಗೆ ಚಾ ಕೊಡ್ಬೇಕೇನಬೇ?" ಎಂದಳು ಮಗಳು.

"ಚಾ ಕೊಟ್ಟು ತಲಿ ತಗ್ಗಿಸಿ ನಿಂತ್ರ ಉಜ್ಜಿನಿಯವ್ರು ಒಪ್ತಾರ. ಅಲ್ಲಿ ತಲಿ ಎತ್ಬೇಕಂತ, ಮೇಡಮ್ಮಾರು ಬಡ್ಕೊಳ್ಳಾಕತ್ಯಾರ, ಕೇಳು."

ಆತ ಬ್ಲೇಜರಿನ ಧೂಳು ಕೊಡವುತ್ತ ಇದನ್ನೆಲ್ಲ ಕೇಳಿಸಿಕೊಂಡ. ಮರುದಿನ ಬೋರ್ಡಿನ ಮೇಲೆ "ಮ್ಯಾರೇಜ್ ಫ್ರೇಮ್‌ವರ್ಕ್" ಎಂದು ಬರೆದು ಎರಡು ಸುತ್ತುಗಳನ್ನು ವಿವರಿಸಿದ. ತಾನೇ ಹಲವು ವರ್ಷದ ಅನುಭವದಿಂದ ಕಂಡುಕೊಂಡದ್ದಂತೆ. ಅದನ್ನೂ ನಾಲ್ಕು ಚೌಕದಲ್ಲಿ ಹಾಕಿದ್ದ. ಎರಡನೆಯ ಸುತ್ತಿನ ಕೆಳಗೆ ಮಾತ್ರ ಹಳೆಯ ಮಾತೇ: ಯೆಸ್ ಸರ್.

ಆ ವಾರದಲ್ಲೇ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸು ಎದ್ದಿತು. ಎಡಕ್ಕೆ ಆತನ ದೊಡ್ಡ ಫೋಟೋ, ಬಲಕ್ಕೆ ಹುಡುಗಿಯ ಸಣ್ಣ ಫೋಟೋ. "ಪ್ರತಿಷ್ಠಿತ ಬಹುರಾಷ್ಟ್ರೀಯ ಕಂಪನಿಗೆ ಆಯ್ಕೆಯಾದ ನಮ್ಮ ಹೆಮ್ಮೆಯ ಕು. ರಮ್ಯಾ ಅವರಿಗೆ ಹಾರ್ದಿಕ ಅಭಿನಂದನೆಗಳು." ಕೆಳಗೆ, ಭಾನುವಾರ ಸನ್ಮಾನ ಸಮಾರಂಭ, ಹೊಸ ಬ್ಯಾಚಿಗೆ ಪ್ರವೇಶ ಆರಂಭ. ಹೈದರಾಬಾದಿನ ಸುತ್ತು ಇನ್ನೂ ಮುಂದಿನ ವಾರ ಇತ್ತು.

ಗೊಬ್ಬರದ ಲೋಡು ಬಿಡಿಸಲು ಬಂದಿದ್ದ ಆಕೆಯ ಅಪ್ಪ ಅದರ ಮುಂದೆ ನಿಂತು, "ಫೋಟೋ ನಮ್ಮ ಹುಡುಗೀದು ಇದ್ದಂಗೈತಿ, ಹೆಸರು ಯಾರ್ದೋ ಐತಲ್ಲ" ಎಂದು ಹೋಗುವವರನ್ನು ಬರುವವರನ್ನು ಕೇಳಿದರಂತೆ. ಸಂಜೆಯೊಳಗೆ ಹಡಗಲಿಯಿಂದ ಕೂಡ್ಲಿಗಿವರೆಗೆ ಬಂಧು ಬಳಗದ ಫೋನು. ಇಟ್ಟಿಗಿಯಲ್ಲಿ ಅವರು ಪೇಡೆ ಹಂಚಬೇಕಾಯಿತು. ಉಜ್ಜಿನಿಯಿಂದಲೂ ಹೇಳಿ ಕಳಿಸಿದರು: ಹುಡುಗಿ ದೊಡ್ಡ ಕೆಲಸಕ್ಕೆ ಹೋದಳಲ್ಲ, ನಮ್ಮದು ಸಣ್ಣ ಮನೆ, ನಾವಿನ್ನು ಬೇರೆ ಕಡೆ ನೋಡುತ್ತೇವೆ.

ಮರುದಿನ ಕೊಟ್ರಮ್ಮ ಬಂದು ನನ್ನೆದುರು ಕೂತಳು. ಅಳಲಿಲ್ಲ.

"ಅಪ್ಪ ಒಂದ ಸಲ ನೋಡೂಣು ಅಂದಾನ್ರಿ ಮೇಡಂ. ಆತು ಅಂದ್ರ ಆತು, ಇಲ್ಲಂದ್ರ ಮನ್ಯಾಗ ಹೇಳಿದಂಗ ಕೇಳ್ತೀನಿ ಅಂತ ನಾನೂ ಮಾತು ಕೊಟ್ಟೀನಿ. ಈಗ ಅಲ್ಲಿ ಆಗ್ಲಿಲ್ಲ ಅಂದ್ರ, ಊರಾಗ ಆಯ್ಕೆ ಆಗಿ, ಸನ್ಮಾನ ಮಾಡಿಸ್ಕೊಂಡು, ಪೇಡೆ ಹಂಚಿ, ಯಾ ಮುಖ ಇಟ್ಕೊಂಡು ಇಟ್ಟಿಗ್ಯಾಗ ಬಸ್ ಇಳೀಲಿ?"

ನಾನು ಆತನನ್ನು ಮೆಟ್ಟಿಲ ಮೇಲೆಯೇ ತಡೆದು ನಿಲ್ಲಿಸಿದೆ. "ಇದು ಸುಳ್ಳು. ಇಳಿಸಿ ಅದನ್ನ," ಎಂದೆ.

"ಮೇಡಂ, ಅಡ್ಮಿಶನ್ ಟೈಮು. ಫೈನಲ್ ರೌಂಡಿಗೆ ಸೆಲೆಕ್ಟ್ ಅಂತ ಹಾಕಿದ್ರೆ ಜನಕ್ಕೆ ಅರ್ಥ ಆಗಲ್ಲ."

"ಹುಡುಗಿಯ ಗತಿ?"

"ಪಾಸಿಟಿವ್ ಪ್ರೆಶರ್ ಮೇಡಂ. ಒಳ್ಳೇದು."

"ಯು ಆರ್ ಎ ಸ್ಮಾಲ್ ಮ್ಯಾನ್," ಎಂದೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿಗೆ ಅಷ್ಟು ಒಳ್ಳೆಯ ಉಪಯೋಗ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಆತ ನಕ್ಕು, ಭಾನುವಾರ ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಇಟ್ಟಿರುವುದಾಗಿ ಹೇಳಿ ಇಳಿದು ಹೋದ.

ಭಾನುವಾರ ಹಾಲು ತುಂಬಿತ್ತು. ಬೆಂಚು ತೆಗೆದು ಕುರ್ಚಿ ಹಾಕಿದ್ದರು. ಗಿರಣಿ ಸಾಹುಕಾರರು ಅಧ್ಯಕ್ಷರು. ಹುಡುಗಿಗೆ ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ತಲೆಗಿಟ್ಟ ಮೈಸೂರು ಪೇಟ ಕಣ್ಣಿನವರೆಗೆ ಇಳಿಯಿತು, ಎತ್ತಿಟ್ಟಷ್ಟೂ ಇಳಿಯಿತು. ಫ್ಯಾನು ವೇದಿಕೆಯ ಮೇಲೆ, ಆತನ ಕಡೆ. ಆತ ಮೂರು ಪಾಯಿಂಟಿನಲ್ಲಿ ತನ್ನ ಜೀವನ ಹೇಳಿ, "ನನ್ನ ಶಿಷ್ಯೆ ರಮ್ಯಾ ಇವತ್ತು ಸೆಲೆಕ್ಟ್ ಆಗಿ ನಿಂತಿದ್ದಾಳೆ" ಎಂದ. ಚಪ್ಪಾಳೆ ಬಿತ್ತು. ಮೈಕು ಆಕೆಗೆ ಕೊಡುತ್ತ, "ಥ್ಯಾಂಕ್ಯೂ ಅಂದು ಮುಗಿಸು" ಎಂದು ಪಿಸುಗುಟ್ಟಿದ್ದು ಮೈಕಿನಲ್ಲೇ ಕೇಳಿಸಿತು.

ಹುಡುಗಿ ಪೇಟ ತೆಗೆದು ಬುಟ್ಟಿಯ ಮೇಲಿಟ್ಟಳು.

"ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಹೆಸರು ಕೊಟ್ರಮ್ಮ. ನಮ್ಮೂರು ಇಟ್ಟಿಗಿ." ಧ್ವನಿ ಸಣ್ಣಗಿತ್ತು, ಆದರೆ ಕೊನೆಯ ಅಕ್ಷರ ನುಂಗಲಿಲ್ಲ. "ಸರ್ ಹೇಳಿದ್ದು ತಪ್ಪೈತ್ರಿ. ನಾ ಇನ್ನಾ ಆಯ್ಕೆ ಆಗಿಲ್ಲ. ಒಂದು ಸುತ್ತು ಆಗೈತಿ. ಇನ್ನೊಂದು ಬಾಕಿ ಐತಿ."

ಆತ ಇನ್ನೊಂದು ಮೈಕು ಎತ್ತಿಕೊಂಡು ನಕ್ಕ. "ನೋಡಿ, ಎಂಥ ಮಾಡೆಸ್ಟಿ. ಎರಡೂ ಸುತ್ತು ಒಂದೇ ಕಣಮ್ಮ."

"ಒಂದಲ್ರಿ ಸರ್."

"ನಾನು ಹೇಳ್ತಿದೀನಲ್ಲ, ಒಂದೇ."

"ನೀವು ಹೇಳಿದ್ರೂ ಒಂದಲ್ರಿ. ಮೊದಲ್ನೇದ್ರಾಗ ಲೆಕ್ಕ ಬರತೈತೋ ಇಲ್ಲೋ ಅಂತ ನೋಡ್ತಾರ. ಅದನ್ನ ನೀವು ಕಲಿಸೀರಿ. ಎರಡನೇದ್ರಾಗ ಈಕಿ ಯಾರು, ತನ್ನ ಮಾತಿನ ಮ್ಯಾಲೆ ನಿಲ್ತಾಳೋ ಇಲ್ಲೋ ಅಂತ ನೋಡ್ತಾರ. ಅದು ಮುಂದಿನ ವಾರ ಐತಿ. ಆಗಬೌದು, ಆಗದೇನೂ ಇರಬೌದು."

ಆತನ ಮುಖದಲ್ಲಿ ನಗು ಹಾಗೇ ಇತ್ತು, ನಾಲಿಗೆ ಮಾತ್ರ ಊರಿಗೆ ಬಂದುಬಿಟ್ಟಿತು. "ಏ, ಸುಮ್ನ ಕುಂದ್ರವಾ, ಮಂದಿ ಮುಂದ ಏನ್ ಹಚ್ಚೀದಿ," ಎಂದ. ಅಷ್ಟು ವರ್ಷದಲ್ಲಿ ಆತ ಕೊಟ್ಟೂರಿನವನಂತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮುಂದಿನ ಸಾಲಿನಲ್ಲಿ ಕೊಟ್ರಮ್ಮನ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ನಗುತ್ತಿದ್ದರೋ ಏನೋ, ಹೆಗಲು ಅಲುಗುತ್ತಿತ್ತು. ಅವರಪ್ಪ ತಲೆ ತಗ್ಗಿಸಿ ಕೂತವರು ನಿಧಾನಕ್ಕೆ ಮುಖ ಎತ್ತಿ ಮಗಳನ್ನು ನೋಡಿದರು.

ಕೊಟ್ರಮ್ಮ ಶಾಲು ತೆಗೆದು ನೀಟಾಗಿ ಮಡಚಿ ಸಾಹುಕಾರರ ಕೈಗೆ ಕೊಟ್ಟಳು. "ಆದ ಮ್ಯಾಲೆ ಹೊದಸ್ರಿ," ಎಂದಳು.

ಹೈದರಾಬಾದಿನಿಂದ ಬಂದವಳು ನೇರ ನನ್ನ ಮನೆಗೆ ಬಂದಳು. ಪಾರ್ಟ್ನರು ವಯಸ್ಸಾದವರಂತೆ. ಮೊದಲು ಊರು ಕೇಳಿದರು, ಇಟ್ಟಿಗಿ ಎಂದಳು. ಅಪ್ಪ ಏನು ಮಾಡುತ್ತಾರೆ ಎಂದರು. ಗೊಬ್ಬರದ ಅಂಗಡಿ ಎಂದಳು. ಕಾಗದ ಇಲ್ಲ, ಶೀಟು ಇಲ್ಲ. ಅವರಿಗೊಂದು ತಲೆನೋವಿತ್ತು, ದನದ ಮೇವು ಮಾಡುವ ಕಂಪನಿಯದು, ಅದನ್ನೇ ಮುಂದಿಟ್ಟರು. ಈಕೆ ಒಂದು ದಾರಿ ಹೇಳಿದಳು. ಅವರು ಅಲ್ಲ ಎಂದರು.

"ಮತ್ತೆ? ಯೆಸ್ ಸರ್ ಅಂದ್ಯಾ?"

"ಇಲ್ರಿ ಮೇಡಂ. ಯಾಕ ಅಲ್ಲ ಅಂತ ಕೇಳಿದೆ. ಒಂದು ಸಲ ಅವ್ರ ಮಾತಿನ್ಯಾಗ ಹುರುಳಿತ್ತು, ಖರೆ ಅಂತ ಒಪ್ಕೊಂಡು ನನ್ನ ಉತ್ತರ ತಿದ್ದಿದೆ. ಇನ್ನೆರಡು ಸಲ ಬರೇ ಗದರಿಸಿ ನೋಡಾಕತ್ತಿದ್ರು, ಬಿಡ್ಲಿಲ್ಲ." ಆಮೇಲೆ ನಕ್ಕು, "ಸರ್‌ಗೆ ಇಲ್ಲ ಅಂದಷ್ಟು ಕಷ್ಟ ಆಗ್ಲಿಲ್ರಿ. ಇವ್ರೇನು ನನ್ನ ಗುರುಗಳಲ್ಲಲ್ಲ" ಎಂದಳು.

ಕೆಲಸ ಸಿಕ್ಕಿತು. ಸಾಹುಕಾರರು ಇಟ್ಟಿಗಿಗೇ ಹೋಗಿ ಅದೇ ಶಾಲು ಹೊದಿಸಿ ಬಂದರು.

ಇಲ್ಲಿಗೆ ಆತನಿಗೆ ಬುದ್ಧಿ ಬಂತು ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಆತ ಏನು ಮಾಡಿದ ಗೊತ್ತೇ? ಹೊಸ ಫ್ಲೆಕ್ಸು ಕಟ್ಟಿಸಿದ. ಅಂದು ವೇದಿಕೆಯ ಮೇಲೆ ನಡೆದದ್ದು ತಾನೇ ಯೋಜಿಸಿದ "ಸ್ಟ್ರೆಸ್ ಟೆಸ್ಟ್" ಎಂದು ಊರೆಲ್ಲ ಹೇಳಿಕೊಂಡು ಬಂದ. ಹುಡುಗಿಯ ಬಾಯಿ ಬಿಡಿಸಬೇಕೆಂದೇ ಸುಳ್ಳು ಫ್ಲೆಕ್ಸು ಹಾಕಿಸಿದ್ದಂತೆ, ಗುರುವಿಗೇ ಎದುರಾಡುವ ಹಾಗೆ ಮಾಡಿದ್ದಂತೆ. ಜನ ನಂಬಿದರು. ಮುಂದಿನ ಬ್ಯಾಚಿಗೆ ಬೆಂಚು ಸಾಲದೆ ಬಂತು. ನನ್ನ ಹತ್ತಿರವೂ ಬಂದು, "ಮೇಡಂ, ಫೈನಲ್ ರೌಂಡ್ ಟ್ರೈನಿಂಗ್ ಹೇಗಿತ್ತು?" ಎಂದು ಕೇಳಿದ. ನಾನು ಆತನ ಮುಖವನ್ನು ದಿಟ್ಟಿಸಿದೆ. ನಾಚಿಕೆಯ ಎಳೆ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅಷ್ಟು ಹೊತ್ತಿಗೆ ಆತನೇ ಅದನ್ನು ನಂಬಿದ್ದ.

ಶ್ರದ್ಧಾಂಜಲಿ ಸಭೆ ಅದೇ ಹಾಲಿನಲ್ಲಿ ನಡೆಯಿತು. ಹೂವು ಹಾಕಿದ ಫೋಟೋ, ಪಕ್ಕದಲ್ಲಿ ಫ್ಯಾನು. ಯಾರೋ ಗುಂಡಿ ಒತ್ತಿದ್ದರು, ಅದು ಕತ್ತು ಆಡಿಸುತ್ತ ಎಲ್ಲರಿಗೂ ಗಾಳಿ ಬೀಸುತ್ತಿತ್ತು. ಕೊಟ್ರಮ್ಮ ಹೈದರಾಬಾದಿನಿಂದ ಬಂದಿದ್ದಳು. ಹಳೆಯ ವಿದ್ಯಾರ್ಥಿಯೊಬ್ಬ ಸ್ಟ್ರೆಸ್ ಟೆಸ್ಟಿನ ಕಥೆಯನ್ನು ಪುರಾಣದಂತೆ ವರ್ಣಿಸಿದ. ಆತ ಅವಮಾನ ನುಂಗಿ ಶಿಷ್ಯೆಯನ್ನು ಗೆಲ್ಲಿಸಿದ ಮಹಾಗುರುವಂತೆ. ಜನ ಕಣ್ಣೊರೆಸಿಕೊಂಡರು. ನಾನು ಕೊಟ್ರಮ್ಮನತ್ತ ನೋಡಿದೆ. ಈಗ ಏಳುತ್ತಾಳೆ, ಈಗ ಮೈಕು ಹಿಡಿಯುತ್ತಾಳೆ ಎಂದು ಕಾದೆ. ಕರೆದಾಗ ಎದ್ದಳು. "ಸರ್ ನನಗ ಬಾಯಾಗ ಲೆಕ್ಕ ಮಾಡಾದು ಕಲಿಸಿದ್ರು. ಅದು ಖರೆ," ಎಂದಳು. ಫೋಟೋಕ್ಕೆ ಹೂವು ಹಾಕಿ 'ನಿಯರ್ ಹಂಪಿ'ಯವರೆಲ್ಲರ ನಡುವೆ ಹೋಗಿ ಕೂತಳು.

ಕೆಳಗೆ ಇಳಿದ ಮೇಲೆ ತಡೆಯಲಾಗಲಿಲ್ಲ. "ಅಷ್ಟು ದೊಡ್ಡ ಸುಳ್ಳು ಹೇಳಿದ್ರು, ಸುಮ್ಮನೆ ಕೂತೆಯಲ್ಲ?"

"ಸರ್ ಇದ್ದಾಗ ಹೇಳೀನಲ್ರಿ ಮೇಡಂ," ಎಂದಳು. ಚಪ್ಪಲಿ ಹುಡುಕುತ್ತ ಬಗ್ಗಿದ್ದಳು. "ಈಗ ಹೇಳಿದ್ರ ಯಾರಿಗೆ ಹೇಳ್ದಂಗಾತು?"

ಸರಿಯಾದ ಮಾತು. ಆತ ಇದ್ದಾಗ ನಾನೂ ಮೆಟ್ಟಿಲ ಮೇಲೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದೆ. ಆಕೆಗೆ ಒಂದು ಸಲ ಸಾಕಾಯಿತು. ನನಗೆ ಸಾಕಾಗಿಲ್ಲ, ನೋಡಿ, ಇಷ್ಟುದ್ದ ಬರೆದಿದ್ದೇನೆ.